ಎರಡು ನದಿಗಳು, ಒಂದೇ ಉದ್ದ

(ವಡಪಳನಿಯಲ್ಲಿ ನಡೆದ ಸಂಘದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ಕಾರ್ಯದರ್ಶಿಗಳು ವಿಷಯವನ್ನೂ ತಾವೇ ಗೊತ್ತುಮಾಡಿಬಿಟ್ಟಿದ್ದರು. ನನ್ನ ಮಗಳು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಓದುತ್ತಿದ್ದಾಗ ನಾವು ದಂಪತಿಗಳು ಅಲ್ಲಿಗೆ ಹೋಗಿ ಮೂರು ವಾರ ಇದ್ದು ಬಂದ ಸುದ್ದಿ ಅವರಿಗೆ ತಿಳಿದಿತ್ತು. "ಥೇಮ್ಸ್ ನದಿ ಮತ್ತು ಅದರ ದಂಡೆಯ ಐತಿಹಾಸಿಕ ಪಟ್ಟಣಗಳು, ಇದರ ಬಗ್ಗೆ ಮಾತಾಡಿ ಸಾರ್" ಎಂದರು. ಪ್ರವಾಸಕಥನಕ್ಕೆ ಕಿವಿಗೊಡಲು ನಮ್ಮ ಜನ ಸದಾ ಸಿದ್ಧ. ಒಪ್ಪಿಕೊಂಡೆ. ಆದರೆ ಮಾತನ್ನು ಸಿದ್ಧಪಡಿಸಿಕೊಳ್ಳಲು ಕುಳಿತಾಗ ಒಂದು ಅಂಕಿ ನನ್ನನ್ನು ತಡೆದು ನಿಲ್ಲಿಸಿತು. ಥೇಮ್ಸ್ ನದಿಯ ಉದ್ದ 346 ಕಿಲೋಮೀಟರು. ಈ ಉದ್ದವನ್ನು ನಾನು ಬೇರೆಲ್ಲಿಯೋ ಓದಿದ್ದೇನಲ್ಲ ಎನ್ನಿಸಿತು. ಹುಡುಕಿದೆ. ನಮ್ಮ ಕೋಲಾರ ಸೀಮೆಯಲ್ಲಿ ಹುಟ್ಟಿ, ಈ ಚೆನ್ನೈ ನಗರದ ದಕ್ಷಿಣಕ್ಕೆ ಸಮುದ್ರ ಸೇರುವ ಪಾಲಾರ್ ನದಿಯ ಉದ್ದ 348 ಕಿಲೋಮೀಟರು. ಎರಡೇ ಎರಡು ಕಿಲೋಮೀಟರಿನ ವ್ಯತ್ಯಾಸ. ಹೀಗಾಗಿ ಇಂದು ನಿಮ್ಮ ಮುಂದೆ ಒಂದರ ಬದಲು ಎರಡು ನದಿಗಳನ್ನು ತಂದಿದ್ದೇನೆ. ಕಾರ್ಯದರ್ಶಿಗಳು ಕ್ಷಮಿಸಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಕೇಂದ್ರ ಸರ್ಕಾರದ ನೌಕರ. ನದಿಯ ವಿಷಯ ಎತ್ತಿದಾಗ ರಾಜ್ಯಗಳ ವಿಷಯವೂ ಬರುತ್ತದೆ. ಇಲ್ಲಿ ಆಡುವ ಅಭಿಪ್ರಾಯಗಳೆಲ್ಲ ನನ್ನ ಸ್ವಂತದವು. ಕಚೇರಿಗೂ ಅವುಗಳಿಗೂ ಸಂಬಂಧವಿಲ್ಲ.

ಮೊದಲು ಥೇಮ್ಸ್. ಗ್ಲಾಸ್ಟರ್‌ಷೈರಿನ ಹುಲ್ಲುಗಾವಲೊಂದರಲ್ಲಿ ಒಂದು ಮರ, ಅದರ ಬುಡದಲ್ಲಿ ಒಂದು ಕಲ್ಲು. ಅದೇ ನದಿಯ ಮೂಲವೆಂದು ಅಲ್ಲಿಯವರು ನಂಬಿದ್ದಾರೆ. ವರ್ಷದ ಬಹುಭಾಗ ಅಲ್ಲಿ ಒಂದು ಹನಿ ನೀರೂ ಕಾಣುವುದಿಲ್ಲ. ಲೋಕಪ್ರಸಿದ್ಧ ನದಿಯ ಉಗಮ ಇಷ್ಟು ಒಣಗಿರುವುದನ್ನು ಕಂಡು ನನ್ನ ಶ್ರೀಮತಿ, "ಇದಕ್ಕೆ ಇಷ್ಟು ದೂರ ಬರಬೇಕಿತ್ತೆ, ಕೋಲಾರದಲ್ಲೇ ಇಂಥ ಹೊಳೆಗಳು ಬೇಕಾದಷ್ಟಿವೆ" ಎಂದಳು. ಆ ಮಾತು ಆಗ ಹಾಸ್ಯವಾಗಿತ್ತು. ಆಮೇಲೆ ಯೋಚನೆಗೆ ಹಚ್ಚಿತು.

ಅಲ್ಲಿಂದ ಕೆಳಗೆ ಇಂಗ್ಲೆಂಡಿನ ಚರಿತ್ರೆಯೇ ದಂಡೆಯುದ್ದಕ್ಕೂ ಸಾಲಾಗಿ ಕುಳಿತಿದೆ. ಆಕ್ಸ್‌ಫರ್ಡಿನಲ್ಲಿ ವಿದ್ಯೆ, ವಿಂಡ್ಸರಿನಲ್ಲಿ ಅರಮನೆ, ಅದರ ಕೆಳಗೆ ರನ್ನಿಮೀಡ್ ಎಂಬ ಬಯಲು. 1215ರಲ್ಲಿ ಜಾನ್ ದೊರೆ ತನ್ನ ಸರದಾರರ ಒತ್ತಾಯಕ್ಕೆ ಮಣಿದು ಮ್ಯಾಗ್ನ ಕಾರ್ಟಕ್ಕೆ ಒಪ್ಪಿಗೆಯ ಮುದ್ರೆಯೊತ್ತಿದ್ದು ಈ ಬಯಲಿನಲ್ಲಿ. ಆಮೇಲೆ ಲಂಡನ್. ಆ ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿ ನಮ್ಮ ಟಿಪ್ಪುವಿನ ಮರದ ಹುಲಿ ಇಂದಿಗೂ ಬಿಳಿಯ ಸಿಪಾಯಿಯ ಕತ್ತಿಗೆ ಬಾಯಿ ಹಾಕಿಕೊಂಡು ಕುಳಿತಿದೆ. ಶ್ರೀರಂಗಪಟ್ಟಣದಿಂದ ಅದು ಅಲ್ಲಿಗೆ ಹೋದ ದಾರಿ ಪಾಲಾರಿನ ಸೀಮೆಯಲ್ಲಿ ಶುರುವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಥೇಮ್ಸ್ ನದಿಯಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಅರಮನೆಗಳಲ್ಲ, ಅದರ ಕಾಯಿಲೆಯ ಕಥೆ. 1858ರ ಬೇಸಗೆಯಲ್ಲಿ ಲಂಡನ್ನಿನ ಕೊಳಚೆಯೆಲ್ಲ ಸೇರಿದ ನದಿಯ ನಾತ ಎಷ್ಟಾಯಿತೆಂದರೆ ದಂಡೆಯ ಮೇಲಿದ್ದ ಪಾರ್ಲಿಮೆಂಟಿನ ಸದಸ್ಯರು ಮೂಗು ಮುಚ್ಚಿಕೊಂಡು ಕೂರಬೇಕಾಯಿತು. ತಮ್ಮ ಮೂಗಿಗೆ ತಟ್ಟಿದ ಮೇಲೆ ಅವರು ಹಣ ಮಂಜೂರು ಮಾಡಿದರು. ಬ್ಯಾಜಲ್‌ಜೆಟ್ ಎಂಬ ಎಂಜಿನಿಯರು ಊರಿನಡಿಯಲ್ಲಿ ಕೊಳಚೆಯ ದೊಡ್ಡ ಸುರಂಗಗಳನ್ನು ಕಟ್ಟಿಸಿದ. ಆದರೂ 1957ರಲ್ಲಿ ಅಲ್ಲಿಯ ಜೀವಶಾಸ್ತ್ರಜ್ಞರು ಲಂಡನ್ನಿನ ಥೇಮ್ಸ್‌ನಲ್ಲಿ ಜೀವವೇ ಉಳಿದಿಲ್ಲವೆಂದು ಸಾರಿದರು. ಸತ್ತ ಆ ನದಿಯನ್ನು ಮುಂದಿನ ದಶಕಗಳಲ್ಲಿ ಬದುಕಿಸಿಕೊಂಡರು. ಮೀನು ಮರಳಿತು. 1996ರಲ್ಲಿ ಮೂಲದಿಂದ ಲಂಡನ್ನಿನವರೆಗೆ ದಂಡೆಯ ಉದ್ದಕ್ಕೂ ಸುಮಾರು 300 ಕಿಲೋಮೀಟರಿನ ಕಾಲುದಾರಿಯನ್ನು ಸಾರ್ವಜನಿಕರಿಗೆ ತೆರೆದರು. ಈಚಿನ ವರ್ಷಗಳಲ್ಲಿ ಮತ್ತೆ ಕೊಳಚೆ ಬಿಡುತ್ತಿದ್ದಾರೆಂದು ಅಲ್ಲಿ ಜನ ಕೂಗೆಬ್ಬಿಸಿದ್ದಾರೆ. ಕೂಗೆಬ್ಬಿಸುವ ಜನ ಇದ್ದಾರೆ ಎಂಬುದೇ ನದಿಗೆ ಆಸರೆ. ಆ ಕಾಲುದಾರಿಯಲ್ಲಿ ನಡೆಯುವವನು ನದಿಯನ್ನು ತುಂಡುತುಂಡಾಗಿ ಕಾಣುವುದಿಲ್ಲ, ಇಡಿಯಾಗಿ ಕಾಣುತ್ತಾನೆ. ಅದೇ 1996ರಲ್ಲಿ ನಮ್ಮ ಪಾಲಾರಿಗೂ ಒಂದು ಘಟನೆ ನಡೆಯಿತು. ಅದಕ್ಕೂ ಆಮೇಲೆ ಬರುತ್ತೇನೆ.

ಈಗ ಪಾಲಾರ್. ಈ ಹೆಸರು ಕೇಳಿದೊಡನೆ ನಮ್ಮಲ್ಲಿ ಹಲವರಿಗೆ ಮಲೆ ಮಹದೇಶ್ವರ ಬೆಟ್ಟದ ಬಳಿಯ ಪಾಲಾರ್, 1993ರಲ್ಲಿ ವೀರಪ್ಪನ್ ನೆಲಬಾಂಬ್ ಸಿಡಿಸಿದ ಜಾಗ, ನೆನಪಾಗುತ್ತದೆ. ಅದು ಕಾವೇರಿಯನ್ನು ಸೇರುವ ಬೇರೊಂದು ಹೊಳೆ. ನಾನು ಹೇಳುವ ಪಾಲಾರ್ ನಂದಿಬೆಟ್ಟದ ಸೀಮೆಯದು. ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ ಇದರ ಹುಟ್ಟು ಎನ್ನುತ್ತಾರೆ. ಕರ್ನಾಟಕದಲ್ಲಿ 93 ಕಿಲೋಮೀಟರು, ಆಂಧ್ರದಲ್ಲಿ ಕುಪ್ಪಂ ಕಡೆಯ 33 ಕಿಲೋಮೀಟರು, ತಮಿಳುನಾಡಿನಲ್ಲಿ 222 ಕಿಲೋಮೀಟರು ಸಾಗಿ ವಯಲೂರಿನಲ್ಲಿ ಸಮುದ್ರ ಸೇರುತ್ತದೆ. ಪಾಲ್ ಎಂದರೆ ತಮಿಳಿನಲ್ಲಿ ಹಾಲು. ನಮ್ಮ ಹಳಗನ್ನಡದಲ್ಲೂ ಹಾಲಿಗೆ ಪಾಲ್ ಎಂದೇ ಹೆಸರು. ಪಕಾರ ಹಕಾರವಾದದ್ದು ಅನಂತರ. ಹೀಗೆ ನದಿಯ ಹೆಸರಿನ ಮೊದಲರ್ಧ ಎರಡು ಭಾಷೆಗಳ ಕೂಡು ಆಸ್ತಿ.

ನಾನು ಹುಟ್ಟಿದ್ದು ಈ ನದಿಯ ಮೇಲ್ಭಾಗದಲ್ಲಿ, ಬೇತಮಂಗಲದ ಹತ್ತಿರದ ಒಂದು ಹಳ್ಳಿಯಲ್ಲಿ. ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ; ಬಾಣ ಅರಸು ವಿಜಯಾದಿತ್ಯನ ಹೆಸರಿನ ಊರು. ಅಲ್ಲಿಯ ದೊಡ್ಡ ಕೆರೆ ಒಡೆದಾಗ ನೊಳಂಬರ ಕಾಲದಲ್ಲಿ ಒಮ್ಮೆ, ಹೊಯ್ಸಳರ ಕಾಲದಲ್ಲಿ ಮತ್ತೊಮ್ಮೆ ಅದನ್ನು ಕಟ್ಟಿಸಿಕೊಟ್ಟರೆಂದು ಶಾಸನಗಳು ಹೇಳುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕುಡಿಯುವ ನೀರು ಹೋದದ್ದು ಈ ಕೆರೆಯಿಂದಲೇ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಬಂತು. ಅಂದರೆ ಭೂಮಿಯ ಆಳದ ಆ ಚಿನ್ನವನ್ನು ಮೇಲೆತ್ತಲು ಕಾವೇರಿ ಬೆಳಕು ಕೊಟ್ಟಳು, ಪಾಲಾರ್ ನೀರು ಕೊಟ್ಟಿತು, ದುಡಿಯುವ ಕೈಗಳಲ್ಲಿ ಬಹುಪಾಲು ಪಾಲಾರಿನ ಕೆಳದಂಡೆಯ ತಮಿಳು ಜಿಲ್ಲೆಗಳಿಂದ ಬಂದವು. 2001ರಲ್ಲಿ ಗಣಿ ಮುಚ್ಚಿತು. ಆ ಕೂಡುಬಾಳಿನ ನೆನಪು ಮಾತ್ರ ಉಳಿದಿದೆ.

ನನ್ನ ಬಾಲ್ಯದ ದೊಡ್ಡ ಸಂಭ್ರಮವೆಂದರೆ ಕೆರೆ ಕೋಡಿ ಬೀಳುವುದು. ಕೆರೆ ತುಂಬಿ ಕೋಡಿ ಹರಿದ ದಿನ ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತಿತ್ತು. ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು, ನಾವು ಹುಡುಗರು ಕೋಡಿಯ ಕೆಳಗೆ ಮೀನಿಗೆ ಪಂಚೆ ಹಿಡಿಯುತ್ತಿದ್ದೆವು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಅಜ್ಜಿಯನ್ನು ಕೇಳಿದೆ. "ಕೆಳಕ್ಕೋಗ್ತದೆ ಕಣಪ್ಪ" ಎಂದಳು. ಕೆಳಗೆ ಎಂದರೆ ಎಲ್ಲಿ, ಅಲ್ಲಿ ಯಾರಿದ್ದಾರೆ, ಅವಳಿಗೂ ತಿಳಿದಿರಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಕೆಳಗೆ ಇದ್ದದ್ದು ವಾಣಿಯಂಬಾಡಿ. ಚೆನ್ನೈಗೆ ವರ್ಗವಾಗಿ ಬಂದು, ಕೆಲಸದ ನಿಮಿತ್ತ ಆ ಊರಿಗೆ ಹೋದಾಗ ಅಲ್ಲೊಂದು ನೆನಪಿನ ಕಂಬ ಇರುವುದು ತಿಳಿಯಿತು. 1903ರ ನವೆಂಬರಿನಲ್ಲಿ ಮೈಸೂರು ಸೀಮೆಯ ಕೆರೆಗಳು ಭಾರೀ ಮಳೆಗೆ ಒಡೆದು, ಆ ನೀರೆಲ್ಲ ಪಾಲಾರಿಗೆ ನುಗ್ಗಿ, ವಾಣಿಯಂಬಾಡಿಯಲ್ಲಿ ಇನ್ನೂರರಷ್ಟು ಜನ ಸತ್ತರು. ನಾನು ಓದಿದ ಶಾಲೆಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಮೇಲಿನವರಿಗೆ ಕೆರೆ ಒಡೆದ ಕಥೆ ಗೊತ್ತು. ಕೆಳಗಿನವರಿಗೆ ಊರು ಮುಳುಗಿದ ಕಥೆ ಗೊತ್ತು. ಎರಡೂ ಒಂದೇ ರಾತ್ರಿಯ ಒಂದೇ ನೀರಿನ ಕಥೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಇಂದಿನ ನನ್ನ ಮಾತಿನ ತಿರುಳು ಇಷ್ಟೇ ಎಂದರೂ ತಪ್ಪಾಗಲಾರದು.

ಇನ್ನು ನದಿಯ ಜೊತೆ ಕೆಳಗಿಳಿಯೋಣ. ವಾಣಿಯಂಬಾಡಿಯಾದ ಮೇಲೆ ಆಂಬೂರು. 1749ರ ಆಂಬೂರು ಕದನದಲ್ಲಿ ಆರ್ಕಾಟಿನ ನವಾಬ ಅನ್ವರುದ್ದೀನ್ ಮಡಿದ. ಫ್ರೆಂಚರೂ ಇಂಗ್ಲಿಷರೂ ನಮ್ಮ ಅರಸರ ಜಗಳಗಳಲ್ಲಿ ಕೈಹಾಕಿ ರಾಜ್ಯ ಕಟ್ಟುವ ಆಟ ಅಲ್ಲಿಂದ ಬಿರುಸಾಯಿತು. ಅನಂತರ ವೆಲ್ಲೂರು. ಇಂದು ನಮ್ಮ ಜನಕ್ಕೆ ವೆಲ್ಲೂರೆಂದರೆ ಆಸ್ಪತ್ರೆ. ಆದರೆ ಅಲ್ಲಿಯ ಕಂದಕದ ಕೋಟೆ ವಿಜಯನಗರದ ಕೊನೆಯ ಅರವೀಡು ಅರಸರಿಗೆ ಆಸರೆಯಾದದ್ದು. ಹಂಪೆಯಲ್ಲಿ ಬೆಳಗಿದ ದೀಪ ಪೆನುಗೊಂಡೆ, ಚಂದ್ರಗಿರಿಗಳನ್ನು ದಾಟಿ ಕೊನೆಗೆ ಉರಿದದ್ದು ಪಾಲಾರಿನ ದಂಡೆಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಟಿಪ್ಪುವಿನ ಮಕ್ಕಳನ್ನೂ ಮನೆಯವರನ್ನೂ ತಂದು ಇರಿಸಿದ್ದೂ ಈ ಕೋಟೆಯಲ್ಲೇ. 1806ರ ಜುಲೈ 10ರಂದು, ಹೊಸ ಮಾದರಿಯ ರುಮಾಲು ತಮ್ಮ ಧರ್ಮಕ್ಕೆ ಅಪಚಾರವೆಂದು ಕೆರಳಿದ ಸಿಪಾಯಿಗಳು ಇಲ್ಲಿ ದಂಗೆಯೆದ್ದರು. ಕೋಟೆಯ ಮೇಲೆ ಮೈಸೂರಿನ ಹುಲಿಯ ಬಾವುಟ ಹಾರಿತು. 1857ಕ್ಕೆ ಐವತ್ತು ವರ್ಷ ಮೊದಲು ನಡೆದ ಈ ದಂಗೆಯನ್ನು ಆರ್ಕಾಟಿನಿಂದ ಧಾವಿಸಿ ಬಂದ ಕುದುರೆ ದಳ ಒಂದೇ ದಿನದಲ್ಲಿ ಅಡಗಿಸಿತು. ರಾಜಕುಮಾರರನ್ನು ಕಲ್ಕತ್ತೆಗೆ ಸಾಗಿಸಿದರು. ಮೈಸೂರಿನ ಆ ಮನೆತನದ ಹೆಣ್ಣುಮಕ್ಕಳ ಸಮಾಧಿಗಳು ವೆಲ್ಲೂರಿನಲ್ಲಿ ಇಂದಿಗೂ ಇವೆ. ಆಸ್ಪತ್ರೆಗೆ ಹೋದ ನಮ್ಮವರಲ್ಲಿ ಅವನ್ನು ನೋಡಿ ಬಂದವರು ಎಷ್ಟು ಜನರೊ!

ಮುಂದೆ ಆರ್ಕಾಟು. 1751ರಲ್ಲಿ ಕಂಪೆನಿಯ ಗುಮಾಸ್ತನಾಗಿ ಮದರಾಸಿಗೆ ಬಂದಿದ್ದ ಕ್ಲೈವ್ ಬೆರಳೆಣಿಕೆಯ ನೂರುಗಳ ಸೈನ್ಯದೊಡನೆ ಈ ಕೋಟೆಯನ್ನು ಹಿಡಿದು ಐವತ್ತು ದಿನಗಳ ಮುತ್ತಿಗೆಯನ್ನು ತಾಳಿಕೊಂಡ. ಆ ಕೋಟೆಯಲ್ಲಿ ಉಳಿದಿರುವುದು ನದಿಯ ಬದಿಯ ದಿಲ್ಲಿ ದರವಾಜೆ ಮಾತ್ರ. ಥೇಮ್ಸ್ ದಂಡೆಯ ಜನ ಪಾಲಾರ್ ದಂಡೆಯಲ್ಲಿ ಕಾಲೂರಿದ್ದು ಹೀಗೆ. ಟಿಪ್ಪುವಿನ ಹುಲಿ ಲಂಡನ್ನಿಗೆ ಹೊರಟ ದಾರಿಯ ಮೊದಲ ಮೈಲಿಗಲ್ಲು ಇದೇ ಎಂದು ನಾನು ಹೇಳಿದ್ದು ಇದಕ್ಕಾಗಿ. ಆದರೆ ಆ ದಾರಿ ಸಲೀಸಾಗಿರಲಿಲ್ಲ. 1780ರ ಸೆಪ್ಟೆಂಬರ್ 10ರಂದು ಕಾಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ನಾವೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. ಆ ಚಿತ್ರದ ಬಯಲು ಈ ವಡಪಳನಿಯಿಂದ ಎರಡು ಗಂಟೆಯ ಬಸ್ಸಿನ ಹಾದಿ ಎಂಬುದು ನಮಗೆ ಹೊಳೆದಿರುವುದಿಲ್ಲ.

ಯುದ್ಧಗಳ ಮಾತು ಸಾಕು. ಕಾಂಚಿಗೆ ಬರೋಣ. ಕಾಂಚಿಯ ವೇಗವತಿ ಪಾಲಾರಿನ ಉಪನದಿ. ಕದಂಬರ ಮಯೂರಶರ್ಮ ಓದಲು ಹೋದದ್ದು ಕಾಂಚಿಯ ಘಟಿಕಾಸ್ಥಾನಕ್ಕೆ. ಅಲ್ಲಿ ಪಲ್ಲವರ ಕುದುರೆ ಸವಾರನಿಂದಾದ ಅವಮಾನವೇ ಅವನ ಕೈಗೆ ಕತ್ತಿ ಕೊಟ್ಟಿತೆಂದು ತಾಳಗುಂದದ ಶಾಸನ ಹೇಳುತ್ತದೆ. ಕನ್ನಡ ನಾಡಿನ ಮೊದಲ ರಾಜ್ಯ ಹುಟ್ಟಿದ್ದು ಈ ನದೀಬಯಲಿನ ಒಂದು ಜಗಳದಿಂದ ಎನ್ನಬಹುದು. ಅನಂತರ ಪುಲಿಕೇಶಿ ಇತ್ತ ದಂಡೆತ್ತಿ ಬಂದ. ಪಲ್ಲವ ನರಸಿಂಹವರ್ಮ ಅತ್ತ ಹೋಗಿ 642ರಲ್ಲಿ ಬಾದಾಮಿಯನ್ನು ಹಿಡಿದು ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನ ಬರೆಸಿದ. ಸೇಡಿಗೆ ಸೇಡು ಎಂಬಂತೆ ನೂರು ವರ್ಷ ನಡೆಯಿತು.

ಎಂಟನೆಯ ಶತಮಾನದಲ್ಲಿ ಬಾದಾಮಿಯ ಎರಡನೆಯ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದು ಒಳಹೊಕ್ಕ. ಸುಡುವುದಕ್ಕೆ ಅವನಿಗೆ ಕಾರಣವಿತ್ತು, ಶಕ್ತಿಯೂ ಇತ್ತು. ಅವನು ರಾಜಸಿಂಹ ಪಲ್ಲವ ಕಟ್ಟಿಸಿದ್ದ ಕೈಲಾಸನಾಥ ದೇವಾಲಯಕ್ಕೆ ಹೋಗಿ, ಅದರ ಸಂಪತ್ತನ್ನು ಕಂಡು, ಅದನ್ನು ದೇವರಿಗೇ ಬಿಟ್ಟುಕೊಟ್ಟ. ಆ ಸಂಗತಿಯನ್ನು ಮಂಟಪದ ಕಂಬವೊಂದರಲ್ಲಿ ಕನ್ನಡದಲ್ಲಿ ಕೆತ್ತಿಸಿದ. ಅವನ ರಾಣಿ ಲೋಕಮಹಾದೇವಿ ಕಾಂಚಿಯ ಗೆಲುವಿನ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ. ಅದರ ರೂಪದಲ್ಲಿ ಕೈಲಾಸನಾಥನ ಛಾಯೆಯನ್ನು ಪಂಡಿತರು ಗುರುತಿಸುತ್ತಾರೆ. ಗೆದ್ದವನು ಸೋತವನಿಂದ ಕಲಿತು ಹೋದ. ತಮಿಳು ನೆಲದ ಆ ಕಂಬದ ಎದುರು ನಿಂತು ಹಳೆಯ ಕನ್ನಡ ಅಕ್ಷರಗಳನ್ನು ಕೈಬೆರಳಿನಿಂದ ಮುಟ್ಟದೆ ಕಣ್ಣಿನಿಂದಲೇ ಸವರಿದಾಗ ನನಗೆ ಆದ ಅನುಭವವನ್ನು ಹೇಳಲಾರೆ. ಹೊರನಾಡ ಕನ್ನಡಿಗನೆಂದು ನಮ್ಮನ್ನು ನಾವು ಕರೆದುಕೊಳ್ಳುತ್ತೇವೆ. ಹನ್ನೆರಡು ಶತಮಾನಗಳ ಹಿಂದೆಯೇ ನಮ್ಮ ಭಾಷೆ ಇಲ್ಲಿಗೆ ಬಂದು, ಇಂಥ ಒಂದು ಮಾತನ್ನು ಆಡಿ ಹೋಗಿದೆ.

ಚೆಂಗಲ್ಪಟ್ಟು ದಾಟಿದ ಮೇಲೆ ಹಾದಿ ಸಮುದ್ರದ ಕಡೆಗೆ. ವಯಲೂರಿನಲ್ಲಿ ಪಲ್ಲವರ ವಂಶಾವಳಿಯನ್ನು ಕೊರೆದ ರಾಜಸಿಂಹನ ಕಾಲದ ಕಂಬ, ಪಕ್ಕದ ಸದ್ರಾಸಿನಲ್ಲಿ ಡಚ್ಚರ ಕೋಟೆ, ಅದರಾಚೆ ಕಲ್ಪಾಕ್ಕಂನ ಅಣುಸ್ಥಾವರ. ಬಾಣರ ಕೆರೆಯಿಂದ ಅಣುವಿದ್ಯುತ್ತಿನವರೆಗೆ ಒಂದೇ ನದಿ. ಥೇಮ್ಸ್‌ಗಿಂತ ಇದರ ಚರಿತ್ರೆ ಯಾವ ವಿಧದಲ್ಲಿ ಬಡವಾದದ್ದು?

ಬಡವಾದದ್ದು ನೀರು. ಬಂಧುಗಳೆ, ಈಗ ಕಹಿಯಾದ ಭಾಗಕ್ಕೆ ಬರಬೇಕಾಗಿದೆ. ಪಾಲಾರಿನ ಮೇಲಿನ ಸೇತುವೆಗಳನ್ನು ರೈಲಿನಲ್ಲಿ ನೀವೆಲ್ಲ ದಾಟಿದ್ದೀರಿ. ಅರ್ಧ ಮೈಲಿ ಅಗಲದ ಪಾತ್ರ, ಮರಳು ಬಗೆದ ಗುಂಡಿಗಳು, ಸೀಮೆಜಾಲಿ. ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ತೊಗಲು ಹದಮಾಡುವ ಕಾರ್ಖಾನೆಗಳಿಂದ ಬಿದ್ದ ನೀರು ನೆಲವನ್ನೂ ಬಾವಿಗಳನ್ನೂ ಕೆಡಿಸಿತು. ವೆಲ್ಲೂರಿನ ನಾಗರಿಕರು ಸುಪ್ರೀಂ ಕೋರ್ಟಿಗೆ ಹೋದರು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗರ ಪೀಠ ತೀರ್ಪಿತ್ತಿತು. ಸುಮಾರು 35,000 ಹೆಕ್ಟೇರು ಸಾಗುವಳಿ ಭೂಮಿ ಪೂರ್ತಿಯಾಗಿಯೊ ಭಾಗಶಃವೊ ಕೆಟ್ಟಿದೆ ಎಂಬ ವರದಿ ಆ ತೀರ್ಪಿನಲ್ಲಿ ದಾಖಲಾಗಿದೆ. ಕೆಡಿಸಿದವನೇ ದಂಡ ತೆರಬೇಕು, ಕೆಡುವ ಮೊದಲೇ ಎಚ್ಚರ ವಹಿಸಬೇಕು ಎಂಬ ಎರಡು ತತ್ತ್ವಗಳು ಈ ದೇಶದ ಕಾನೂನಿನ ಭಾಗವೆಂದು ಸಾರಿದ್ದು ಅದೇ ತೀರ್ಪು. ಥೇಮ್ಸ್ ದಂಡೆಯಲ್ಲಿ ಕಾಲುದಾರಿ ತೆರೆದ ವರ್ಷವೇ ಪಾಲಾರಿಗೆ ಈ ತೀರ್ಪು ಸಿಕ್ಕಿತು. ದೇಶದ ಎಲ್ಲ ಕಾನೂನು ಕಾಲೇಜುಗಳಲ್ಲೂ ಅದನ್ನು ಓದಿಸುತ್ತಾರೆ. ಪಾಲಾರ್ ಮಾತ್ರ ಶುದ್ಧವಾಗಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದೇ ನದಿಯ ಅದೇ ಮಾಲಿನ್ಯದ ಬಗ್ಗೆ ಮತ್ತೆ ಆದೇಶ ಹೊರಡಿಸಬೇಕಾಯಿತು. ಸರ್ಕಾರದ ಕಡತಗಳ ನಡುವೆ ಬದುಕು ಸವೆಸಿದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ, ನಾಚಿಕೆ ಇದೆ. ತೀರ್ಪು ಕಾಗದ, ನದಿ ನೀರು. ಒಂದನ್ನು ಇನ್ನೊಂದಾಗಿ ಮಾಡುವ ಕೆಲಸವೇ ಆಡಳಿತ.

ಕೆಳಗಿನವರ ತಪ್ಪನ್ನು ಎತ್ತಿ ಆಡಿ ಮೇಲಿನವರು ಪಾರಾಗುವಂತಿಲ್ಲ. ನನ್ನ ಕೋಲಾರದ ಮಾತನ್ನು ನಾನೇ ಹೇಳಬೇಕು. ಹಳೆಯ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ. ಆ ಸರಪಳಿಯೇ ನಮ್ಮ ನದಿ. ನಾವು ರಾಜಕಾಲುವೆಗಳನ್ನು ಮುಚ್ಚಿದೆವು, ಕೆರೆಯಂಗಳದಲ್ಲಿ ನೀಲಗಿರಿ ನೆಟ್ಟೆವು, ಸಾವಿರ ಅಡಿಗೂ ಮಿಕ್ಕಿ ಕೊಳವೆ ಬಾವಿ ಕೊರೆದೆವು, ಮರಳು ಮಾರಿದೆವು. ಪಾಲಾರಿನ ನೀರನ್ನು ಯಾರೂ ಹಿಡಿದಿಟ್ಟುಕೊಂಡಿಲ್ಲ. ಹಿಡಿದಿಡಲು ನೀರೇ ಉಳಿಯದಂತೆ ನಾವು ನೋಡಿಕೊಂಡಿದ್ದೇವೆ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಅಲ್ಲಿ ಹೋರಾಟ ನಡೆದಿದೆ. ಬೆಂಗಳೂರು ಕುಡಿಯುವುದು ಬಹುಪಾಲು ಕಾವೇರಿಯನ್ನು. ಆದ್ದರಿಂದ ಈಗ ಕೋಲಾರದ ಕೆರೆಗಳಲ್ಲಿ ಬೇರೊಂದು ಹೆಸರಿನಲ್ಲಿ, ಬೇರೊಂದು ಬಣ್ಣದಲ್ಲಿ ನಿಂತಿರುವುದೂ ಕಾವೇರಿಯೇ.

ಕಾವೇರಿಯ ಹೆಸರು ಬಂತು. ಚೆನ್ನೈನಲ್ಲಿರುವ ಕನ್ನಡಿಗರಿಗೆ ಇದು ಎಂಥ ಮುಳ್ಳು ಎಂದು ನಾನು ಹೇಳಬೇಕಾಗಿಲ್ಲ. 1991ರ ಡಿಸೆಂಬರನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದಾಗ, ಈ ಊರಿನಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾದಾಗ, ಎಷ್ಟು ಮನೆಗಳಲ್ಲಿ ಮಕ್ಕಳಿಗೆ "ಹೊರಗೆ ಕನ್ನಡ ಮಾತಾಡಬೇಡ" ಎಂದು ಹೇಳಿದೆವು! ನಮ್ಮ ಮನೆಯಲ್ಲಿ ನಾನೂ ಹೇಳಿದೆ. ಮಗಳು ಆಗ ಶಾಲೆಯಲ್ಲಿದ್ದಳು. "ಯಾಕಪ್ಪಾ, ಏನು ತಪ್ಪು ಮಾಡಿದೀವಿ?" ಎಂದಳು. ಉತ್ತರ ಹೊಳೆಯಲಿಲ್ಲ. ಅದೇ ವಾರ ಎದುರು ಮನೆಯ ಹಿರಿಯರು, ಬಹಳ ಸಜ್ಜನರು, ಮೆಟ್ಟಿಲ ಬಳಿ ನಿಲ್ಲಿಸಿ, "ಏನ್ ಸಾರ್, ನಿಮ್ಮೂರವರು ನೀರು ಬಿಡೋಲ್ವಂತಲ್ಲ" ಎಂದರು. ಅವರ ಧ್ವನಿಯಲ್ಲಿ ದ್ವೇಷವಿರಲಿಲ್ಲ. ನಾನು ನಕ್ಕು ಒಳಗೆ ಹೋದೆ. ಆ ನಗು ಇಂದಿಗೂ ನನ್ನನ್ನು ಚುಚ್ಚುತ್ತದೆ. ಆಗ ಹೇಳಬೇಕಾಗಿದ್ದ ಉತ್ತರವನ್ನು ಇಂದು ಹೇಳಲು ಪ್ರಯತ್ನಿಸುತ್ತೇನೆ.

ಮೇಜಿನ ಮೇಲೆ ಈ ಲೋಟದ ನೀರಿದೆ. ಚೆನ್ನೈ ನಗರದ ಕೊಳಾಯಿಯಲ್ಲಿ ಏನೇನು ಬೆರೆತಿದೆ ನೋಡಿ. 2004ರಿಂದ ವೀರಾಣಂ ಕೆರೆಯ ಮೂಲಕ ಕಾವೇರಿ ಬರುತ್ತಿದೆ. 1996ರಿಂದ ಪೂಂಡಿಯ ಮೂಲಕ ಕೃಷ್ಣೆ ಬರುತ್ತಿದೆ. ಅದು ಕರ್ನಾಟಕ, ಮಹಾರಾಷ್ಟ್ರ, ಆಂಧ್ರಗಳು ತಲಾ 5 ಟಿಎಂಸಿ ಬಿಟ್ಟುಕೊಡಲು ಒಪ್ಪಿದ್ದರ ಫಲ. ತಾಂಬರಂ, ಪಲ್ಲಾವರಗಳ ಕಡೆಗೆ ಪಾಲಾರಿನ ಮರಳಿನಡಿಯ ಬಾವಿಗಳ ನೀರು ಹೋಗಿದೆ. 2019ರ ಬರದಲ್ಲಿ, ನಿಮಗೆಲ್ಲ ನೆನಪಿದೆ, ಲಾರಿ ನೀರಿಗೆ ಬಿಂದಿಗೆ ಸಾಲು ಹಚ್ಚಿ ನಿಂತ ಆ ಬೇಸಗೆಯಲ್ಲಿ, ಜುಲೈ 12ರಂದು ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರ್ ನೀರು ಹೊತ್ತ ರೈಲು ವಿಲ್ಲಿವಾಕ್ಕಂಗೆ ಬಂತು. ಪಾಲಾರಿನ ಸೀಮೆಯಿಂದ ಹೊರಟ ಆ ರೈಲಿನಲ್ಲಿದ್ದದ್ದು ಕಾವೇರಿಯ ನೀರು. ಪಾಲಾರಿನಲ್ಲಿ ಕೊಡಲು ನೀರಿರಲಿಲ್ಲ. ಬಿಂದಿಗೆಯ ಸಾಲಿನಲ್ಲಿ ಕನ್ನಡಿಗರು ಯಾರು, ತಮಿಳರು ಯಾರು ಎಂದು ಯಾರೂ ಕೇಳಲಿಲ್ಲ. ಈ ಲೋಟದೊಳಗೆ ಯಾವುದು ನಮ್ಮದು, ಯಾವುದು ನಿಮ್ಮದು ಎಂದು ಬೇರ್ಪಡಿಸಬಲ್ಲವರು ಯಾರು?

ಹಾಗೆಂದು ಹಕ್ಕಿನ ಪ್ರಶ್ನೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ 1892ರಲ್ಲಿ ಆದ ಒಪ್ಪಂದದ ಪಟ್ಟಿಯಲ್ಲಿ ಕಾವೇರಿಯಂತೆ ಪಾಲಾರೂ ಇದೆ. ಕೆಳಗಿನ ಸರ್ಕಾರದ ಒಪ್ಪಿಗೆಯಿಲ್ಲದೆ ಮೇಲಿನವರು ಹೊಸ ಜಲಾಶಯ ಕಟ್ಟಕೂಡದು ಎಂಬ ಆ ನಿಯಮ ಮೈಸೂರಿಗೆ ಅನ್ಯಾಯವೆಂದು ನಮ್ಮವರು ಹೇಳುತ್ತ ಬಂದಿದ್ದಾರೆ, ಅದರಲ್ಲಿ ಸತ್ಯವಿದೆ. ಕುಪ್ಪಂ ಬಳಿ ಆಂಧ್ರ ಕಟ್ಟಲು ಹೊರಟ ಅಣೆಕಟ್ಟಿನ ವಿರುದ್ಧ ತಮಿಳುನಾಡು 2006ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ. ಅದರ ಆತಂಕದಲ್ಲೂ ಸತ್ಯವಿದೆ. ಕಾವೇರಿಯಲ್ಲಿ 2018ರ ತೀರ್ಪು ಬೆಂಗಳೂರಿನ ಬಾಯಾರಿಕೆಯನ್ನು ಗಣಿಸಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿತು. ಅದು ನ್ಯಾಯವೆಂದೇ ನಾನು ನಂಬಿದ್ದೇನೆ. ಹಕ್ಕುಗಳನ್ನು ನ್ಯಾಯಾಲಯದಲ್ಲಿ ವಾದಿಸೋಣ. ಆದರೆ ಪಾಲಾರ್ ನಮಗೆ ಒಂದು ಎಚ್ಚರಿಕೆಯ ಪಾಠ. ಇಲ್ಲಿ ಮೂರು ರಾಜ್ಯಗಳೂ ತಮ್ಮ ತಮ್ಮ ತುಂಡನ್ನು ತಮ್ಮದೆಂದವು. ಇಡೀ ನದಿಯನ್ನು ತನ್ನದೆಂದವರು ಒಬ್ಬರೂ ಇರಲಿಲ್ಲ. ಕೊನೆಗೆ ಹಂಚಿಕೊಳ್ಳಲು ಉಳಿದದ್ದು ಮರಳು, ಅದೂ ಮುಗಿಯುತ್ತ ಬಂದಿದೆ. ಕಾವೇರಿಗೂ ಈ ಗತಿ ಬರಬಾರದು.

2021ರ ನವೆಂಬರಿನ ಒಂದು ಬೆಳಗ್ಗೆ ಊರಿನಿಂದ ತಮ್ಮ ಫೋನು ಮಾಡಿದ. "ಅಣ್ಣಾ, ಬೇತಮಂಗಲದ ಕೆರೆ ಕೋಡಿ ಬಿತ್ತು! ಎಷ್ಟು ವರ್ಷ ಆಗಿತ್ತು!" ಅವನ ಹಿಂದೆ ನೀರಿನ ಸದ್ದು, ಮಕ್ಕಳ ಕೂಗು. ನನ್ನ ಕಣ್ಣು ತುಂಬಿತು. ಆದರೆ ಈ ಬಾರಿ "ಕೆಳಕ್ಕೋಗ್ತದೆ" ಎಂದರೆ ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಕಚೇರಿಯಲ್ಲಿ ನನ್ನ ಜೊತೆ ದುಡಿದ ಆಂಬೂರಿನ ಸ್ನೇಹಿತರೊಬ್ಬರಿಗೆ ತಕ್ಷಣ ಫೋನು ಮಾಡಿ, "ಮೇಲೆ ಕೋಡಿ ಬಿದ್ದಿದೆ, ನದಿಯ ಪಕ್ಕದ ಬಂಧುಗಳಿಗೆ ಹೇಳಿ" ಎಂದೆ. ನೀರು ಬಂತು. ಜನ ಸೇತುವೆಗಳ ಮೇಲೆ ನಿಂತು ಹೂವು, ಅರಿಶಿನ ಹಾಕಿ ಕೈಮುಗಿದರು. ಆ ಮಳೆಯಲ್ಲಿ ವೆಲ್ಲೂರು ಜಿಲ್ಲೆಯ ಪೇರ್ಣಾಂಬಟ್ಟಿನಲ್ಲಿ ಮನೆ ಕುಸಿದು ಜನ ಸತ್ತದ್ದೂ ನಿಜ. ಸಂಜೆ ಆ ಸ್ನೇಹಿತರು ಫೋನು ಮಾಡಿ, "ನಿಮ್ಮೂರ ನೀರು ನಮ್ಮೂರಿಗೆ ಬಂದು ಸೇರಿತು ಸಾರ್, ಅಕ್ಕ ಇಪ್ಪತ್ತು ವರ್ಷದ ಮೇಲೆ ನದಿ ನೋಡಿದಳು" ಎಂದರು. ಎದುರು ಮನೆಯವರ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಆ ಸಂಜೆ. ನನ್ನ ಫೋನಿನಿಂದ ಯಾರ ಪ್ರಾಣವೂ ಉಳಿಯಿತೆಂದು ನಾನು ಹೇಳಲಾರೆ. ಆದರೆ 1903ರಲ್ಲಿ ಇಲ್ಲದೆ ಇದ್ದದ್ದು, ಮೇಲಿನ ಊರಿಗೂ ಕೆಳಗಿನ ಊರಿಗೂ ನಡುವೆ ಒಂದು ಪರಿಚಯ, ಅಂದು ಇತ್ತು.

ಹೊರನಾಡ ಕನ್ನಡ ಸಂಘವೊಂದು ಇರುವುದು ಏತಕ್ಕೆ? ರಾಜ್ಯೋತ್ಸವಕ್ಕೆ, ಯುಗಾದಿಯ ಊಟಕ್ಕೆ, ಊರಿನ ನಾಟಕ ಕಂಪೆನಿ ಕರೆಸುವುದಕ್ಕೆ, ಇವೆಲ್ಲ ಬೇಕು. ಈ ವಡಪಳನಿಯ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಕನ್ನಡ ಚಿತ್ರಗಳು ತಯಾರಾದವು; ಈ ಊರು ನಮ್ಮ ಕಲಾವಿದರಿಗೆ ಅನ್ನ ಕೊಟ್ಟಿತು. ಊರವರಿಗೆ ನಾವು ಇಡ್ಲಿ, ಕಾಫಿ ಕೊಟ್ಟೆವು. ಈ ಲೇವಾದೇವಿಯ ಮುಂದಿನ ಹೆಜ್ಜೆ ನದಿಯನ್ನು ಪರಿಚಯಿಸುವುದು ಎಂದು ನನ್ನ ಭಾವನೆ. ಬೆಂಗಳೂರಿನಲ್ಲಿರುವ ಕನ್ನಡಿಗನಿಗೆ ನದಿಯ ಮೇಲ್ಭಾಗ ಗೊತ್ತು, ಇಲ್ಲಿಯ ತಮಿಳರಿಗೆ ಕೆಳಭಾಗ ಗೊತ್ತು. ಎರಡೂ ಗೊತ್ತಿರಬೇಕಾದವರು ನಾವು.

ಆದ್ದರಿಂದ ಸಂಘದ ಮುಂದೆ ಎರಡು ಸಣ್ಣ ಸಲಹೆಗಳನ್ನಿಟ್ಟು ಮುಗಿಸುತ್ತೇನೆ. ಬರುವ ಮಾರ್ಗಶಿರದಲ್ಲಿ, ಮಳೆ ನಿಂತ ಮೇಲೆ, ನಾವು ಒಂದು ಬಸ್ಸು ಮಾಡಿಕೊಂಡು ತಲಗವಾರದಿಂದ ವಯಲೂರಿನವರೆಗೆ ಪಾಲಾರಿನ ಜೊತೆ ಬರೋಣ. ಅರ್ಧ ಬಸ್ಸಿನಲ್ಲಿ ನಾವು, ಉಳಿದರ್ಧದಲ್ಲಿ ನಮ್ಮ ನೆರೆಮನೆಯ ತಮಿಳು ಸ್ನೇಹಿತರು. ಎದುರು ಮನೆಯ ಹಿರಿಯರಿಗೆ ಒಂದು ಸೀಟನ್ನು ನಾನು ಈಗಲೇ ಕಾದಿರಿಸುತ್ತೇನೆ. ಎರಡನೆಯದು, ಆ ದಾರಿಯ ಊರುಗಳನ್ನೂ ಶಾಸನಗಳನ್ನೂ ಕುರಿತು ಕನ್ನಡ ಮತ್ತು ತಮಿಳು ಎರಡರಲ್ಲೂ ಒಂದು ಕಿರುಹೊತ್ತಗೆ ತರೋಣ. ಅದರ ಮೊದಲ ಪುಟದಲ್ಲಿ ಕೈಲಾಸನಾಥನ ಕಂಬದ ಆ ಕನ್ನಡ ಶಾಸನದ ಸಂಗತಿ ಇರಲಿ, ಎರಡನೆಯ ಪುಟದಲ್ಲಿ ವಾಣಿಯಂಬಾಡಿಯ ನೆನಪಿನ ಕಂಬ.

ಅಜ್ಜಿ ಹೇಳಿದ "ಕೆಳಗೆ" ಎಂಬ ಊರಿನಲ್ಲಿ ನಾನು ಈಗ ವಾಸವಾಗಿದ್ದೇನೆ. ಇಲ್ಲಿ ನನ್ನ ಮನೆಯಿದೆ, ನೆರೆಯವರಿದ್ದಾರೆ. ಈ ಮಾತು ಅವಳಿಗೆ ಹೇಳಲು ಅವಳಿಲ್ಲ, ನಿಮಗೆ ಹೇಳಿದ್ದೇನೆ.